ಕಮಲತೆಯೂ ಮಾಯೆಯೂ: ಸ್ತ್ರೀಪ್ರತೀಕದ ವಿಚಾರ

ಶ್ರಾವಣಮಾಸದಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಕಡೆಯ ಮಠಗಳಲ್ಲಿ ಪುರಾಣ ಹಚ್ಚುವದು ನಮ್ಮ ಭಾಗದ ಹಳೆಯ ವಾಡಿಕೆ. ಪ್ರಭುಲಿಂಗಲೀಲೆಯನ್ನು ಹಚ್ಚಿದಲ್ಲಿ, ಬನವಸೆಯ ಮಾಯಾದೇವಿಯ ಪ್ರಸಂಗ ಬಂದಾಗ ಗಂಡಸರು ತಲೆದೂಗುವರು. ತಾಯಂದಿರು ಸುಮ್ಮನೆ ಕುಳಿತು ಕೇಳುವರು. ಆ ಸುಮ್ಮನಿರುವಿಕೆಯೊಳಗೆ ಒಂದು ಪ್ರಶ್ನೆಯುಂಟು. ಹೆಣ್ಣೆಂದರೆ ಮಾಯೆಯೇ? ಹಾಗಿದ್ದಲ್ಲಿ ಬೆಳಗಿನಲ್ಲಿ ಲಿಂಗಪೂಜೆಗೆ ನೀರು, ಪತ್ರಿ, ವಿಭೂತಿಗಳನ್ನು ಅಣಿಮಾಡಿ ಕೊಟ್ಟವಳು ಯಾರು? ತನ್ನ ಎದೆಯ ಮೇಲೆಯೂ ಇಷ್ಟಲಿಂಗವನ್ನು ಧರಿಸಿರುವ ಆಕೆಗೆ ಆ ಮಾತನ್ನು ನಾವು ಹೇಗೆ ಹೇಳೋಣ?

ಇದರ ಸಂಗಡ ಬೇರೊಂದು ಪ್ರಶ್ನೆಯೂ ಮಠದ ಬಾಗಿಲಿಗೆ ಬರುತ್ತಿರುವದು. ಕನಸಿನಲ್ಲಿ ಗುರುತಿಲ್ಲದ ಸ್ತ್ರೀಯೊಬ್ಬಳು ಪದೇ ಪದೇ ಕಾಣಿಸಿಕೊಳ್ಳುವಳು. ಒಮ್ಮೆ ಹಸಿರು ಸೀರೆಯುಟ್ಟು ಬಾವಿಯ ಕಟ್ಟೆಯ ಮೇಲೆ ಕುಳಿತಿರುವಳು, ಒಮ್ಮೆ ಮುಖವನ್ನು ತೋರಿಸದೆ ಮುಂದೆ ಮುಂದೆ ನಡೆಯುವಳು. ದೇವಿಯೇ ಬಂದಳೋ, ಏನನ್ನು ಬೇಡುತ್ತಿರುವಳೋ, ಇದರ ಫಲವೇನು ಎಂದು ಗೃಹಸ್ಥರು ಕೇಳುವರು. ಕಾವ್ಯದ ಮಾಯೆ, ಕನಸಿನ ಸ್ತ್ರೀ, ಜಾತ್ರೆಯಲ್ಲಿ ಬಣ್ಣಗೊಂಡು ನಿಲ್ಲುವ ದೇವಿ, ಇವೆಲ್ಲವೂ ಒಂದೇ ಬೇರಿನಿಂದ ಹೊರಟ ಕೊಂಬೆಗಳೆಂದು ಪ್ರತಿಪಾದಿಸಿದ ಪಾಶ್ಚಾತ್ಯ ಪಂಡಿತನೊಬ್ಬನಿರುವನು. ಆತನ ಮತವನ್ನು ತಿಳಿದುಕೊಂಡು, ಅದನ್ನು ಶರಣರ ಒರೆಗಲ್ಲಿಗೆ ಹಚ್ಚಿ ನೋಡುವದು ಪ್ರಕೃತ ಪಾಠದ ಉದ್ದೇಶ.

ಕಾರ್ಲ್ ಗುಸ್ತಾವ್ ಯೂಂಗನು ಸ್ವಿಟ್ಜರ್ಲೆಂಡ್ ದೇಶದವನು. 1875ರಲ್ಲಿ ಕ್ರೈಸ್ತ ಧರ್ಮೋಪದೇಶಕನೊಬ್ಬನ ಮಗನಾಗಿ ಹುಟ್ಟಿ, ಮನೋವೈದ್ಯನಾಗಿ ಬಹುಕಾಲ ರೋಗಿಗಳ ಕನಸುಗಳನ್ನು ಕೇಳಿ, 1961ರಲ್ಲಿ ತೀರಿಕೊಂಡನು. ಮನುಷ್ಯನ ಎಚ್ಚರದ ಚಿತ್ತದ ಕೆಳಗೆ ಸುಪ್ತಚಿತ್ತವೊಂದು ಇರುವದೆಂದೂ, ಅದರ ಆಳದ ಪದರು ಒಬ್ಬೊಬ್ಬನದಾಗಿರದೆ ಮನುಷ್ಯಕುಲಕ್ಕೆಲ್ಲ ಸಾಮಾನ್ಯವಾಗಿರುವದೆಂದೂ, ಅಲ್ಲಿಯ ಮೂಲರೂಪಗಳೇ ಕನಸು, ಪುರಾಣ, ಚಿತ್ರ, ಶಿಲ್ಪಗಳಲ್ಲಿ ವೇಷಧರಿಸಿ ಬರುವವೆಂದೂ ಆತನ ಸಿದ್ಧಾಂತ. ಅಂಥ ಮೂಲರೂಪಗಳಲ್ಲಿ ಒಂದಕ್ಕೆ ಆತನು ‘ಅನಿಮಾ’ ಎಂದು ಹೆಸರಿಟ್ಟನು. ಪ್ರತಿಯೊಬ್ಬ ಪುರುಷನ ಒಳಗೂ ಒಂದು ಸ್ತ್ರೀರೂಪವಿರುವದು. ತಾಯಿಯ ನೆನಪು, ಜೀವನದಲ್ಲಿ ಕಂಡ ಹೆಂಗಸರ ಪರಿಚಯ, ಕುಲಪರಂಪರೆಯಿಂದ ಬಂದ ಸಂಸ್ಕಾರ, ಇವುಗಳಿಂದ ಅದು ರೂಪುಗೊಳ್ಳುವದು. ಇದರಂತೆಯೇ ಸ್ತ್ರೀಯ ಒಳಗೆ ಒಂದು ಪುರುಷರೂಪವುಂಟು, ಅದು ‘ಅನಿಮಸ್’.

ಸಂಸ್ಕೃತವನ್ನು ಓದಿದವರ ಕಿವಿಗೆ ಈ ಹೆಸರು ಬಿದ್ದೊಡನೆ ಅಷ್ಟಸಿದ್ಧಿಗಳಲ್ಲಿಯ ‘ಅಣಿಮಾ’ ನೆನಪಾಗುವದು ಸಹಜ. ಆದರೆ ಎರಡಕ್ಕೂ ಸಂಬಂಧವಿಲ್ಲ. ಅಣಿಮಾ ಎಂಬುದು ‘ಅಣು’ವಿನಿಂದ ಬಂದದ್ದು, ಮೇಲಾಗಿ ಅದು ಪುಲ್ಲಿಂಗಶಬ್ದ! ಯೂಂಗನ ಶಬ್ದವು ಲ್ಯಾಟಿನ್ ಭಾಷೆಯದು. ಜೀವ, ಉಸಿರು ಎಂದು ಅದರ ಅರ್ಥ. ನಮ್ಮ ‘ಪ್ರಾಣ’ ಶಬ್ದದಲ್ಲಿರುವ ಉಸಿರಾಟದ ಧಾತುವಿಗೆ ಅದು ದೂರದ ಬಂಧು. ಒಳಗಿನ ಸ್ತ್ರೀಯನ್ನು ಉಸಿರೆಂಬ ಹೆಸರಿನಿಂದ ಕರೆದದ್ದು ಯೋಗ್ಯವಾಗಿಯೇ ಇರುವದು. ಈ ಪಾಠದಲ್ಲಿ ನಾವು ಅದನ್ನು ‘ಅಂತಃಸ್ತ್ರೀ’ ಎಂದು ಕರೆಯೋಣ.

ಯೂಂಗನ ಮತದಲ್ಲಿ ಗೃಹಸ್ಥನಿಗೆ ಅತ್ಯಂತ ಉಪಯುಕ್ತವಾದ ಭಾಗವೆಂದರೆ ಆರೋಪದ ವಿಚಾರ. ತನ್ನೊಳಗಿನ ಸ್ತ್ರೀರೂಪವನ್ನು ತಾನರಿಯದ ಪುರುಷನು ಅದನ್ನು ಹೊರಗಿನ ಒಬ್ಬ ಹೆಂಗಸಿನ ಮೇಲೆ ಹೊದಿಸುವನು. ಆ ಹೊದಿಕೆಯ ದೆಸೆಯಿಂದ ಆಕೆಯು ಅವನಿಗೆ ದೇವತೆಯಾಗಿಯೋ ಪಿಶಾಚಿಯಾಗಿಯೋ ತೋರುವಳಲ್ಲದೆ, ಇಂಥ ಊರಿನ, ಇಂಥ ಮನೆಯ, ಹಸಿವು ದಣಿವುಗಳುಳ್ಳ ಒಬ್ಬ ಮನುಷ್ಯಳಾಗಿ ತೋರಲಾರಳು. ಮದುವೆಯಾಗಿ ಎರಡು ವರುಷಕ್ಕೆ ‘ಇವಳು ಮೊದಲಿನಂತಿಲ್ಲ’ ಎಂದು ಗೊಣಗುವವರಿರುವರಷ್ಟೆ? ಅವಳು ಮೊದಲಿನಂತೆಯೇ ಇರುವಳು. ಜಾರಿದ್ದು ಇವನು ಹೊದಿಸಿದ ಹೊದಿಕೆ. ನಮ್ಮ ಶಾಸ್ತ್ರಗಳಲ್ಲಿ ಇದಕ್ಕೆ ಅಧ್ಯಾರೋಪವೆಂಬ ಹೆಸರು ಎಂದಿನಿಂದಲೂ ಇರುವದು. ಚಿಪ್ಪನ್ನು ಬೆಳ್ಳಿಯೆಂದು ತಿಳಿದವನು ಹತ್ತಿರ ಬಂದ ಮೇಲೆ ಚಿಪ್ಪನ್ನೇ ಮೋಸಗಾರನೆಂದು ಬಯ್ದರೆ ಅದು ಯಾವ ನ್ಯಾಯ?

ಇದನ್ನು ಆತನು ಪುಸ್ತಕದಿಂದಷ್ಟೇ ಅರಿತವನಲ್ಲ. 1913ರ ಸುಮಾರಿಗೆ, ತನ್ನ ಗುರುಸ್ಥಾನದಲ್ಲಿದ್ದ ಫ್ರಾಯ್ಡನಿಂದ ಬೇರ್ಪಟ್ಟು ಚಿತ್ತಕ್ಷೋಭೆಯಲ್ಲಿದ್ದಾಗ, ಅಂತರಂಗದಲ್ಲಿ ಏಳುವ ರೂಪಗಳನ್ನು ಬರೆದಿಡತೊಡಗಿದನು. ತಾನು ಮಾಡುತ್ತಿರುವದಾದರೂ ಏನೆಂದು ತನ್ನನ್ನೇ ಕೇಳಿಕೊಂಡಾಗ, ಒಳಗಿನಿಂದ ಹೆಣ್ಣಿನ ದನಿಯೊಂದು ಇದು ಕಲೆಯೆಂದು ಉತ್ತರಿಸಿತಂತೆ. ಯೂಂಗನು ಆ ಮಾತನ್ನು ಒಪ್ಪಲಿಲ್ಲ. ಆದರೆ ದನಿಯನ್ನು ಓಡಿಸಲೂ ಇಲ್ಲ, ಅದರ ಸಂಗಡ ವಾದಕ್ಕೆ ನಿಂತನು. ಆ ಬರಹವನ್ನು ಬಣ್ಣದ ಚಿತ್ರಗಳೊಡನೆ ಕೆಂಪು ಚರ್ಮದ ದೊಡ್ಡ ಹೊತ್ತಿಗೆಯಲ್ಲಿ ಬಹುವರ್ಷ ಬರೆದಿಟ್ಟನು. ಅದು ಅಚ್ಚಾದದ್ದು ಆತನು ತೀರಿದ ಎಷ್ಟೋ ವರುಷಗಳ ಮೇಲೆ, 2009ರಲ್ಲಿ. ಅದರೊಳಗೆ ವೃದ್ಧ ಪ್ರವಾದಿಯೊಬ್ಬನ ಪಕ್ಕದಲ್ಲಿ ಕಣ್ಣು ಕಾಣದ ತರುಣಿಯೊಬ್ಬಳು ನಿಂತಿರುವಳು. ಜ್ಞಾನದ ಪಕ್ಕದಲ್ಲಿ ನಿಂತ, ಇನ್ನೂ ದೃಷ್ಟಿ ಬಾರದ ಅಂತಃಸ್ತ್ರೀಯೇ ಅವಳು. ಒಳಗಿನ ರೂಪಕ್ಕೆ ಆಳಾಗಲೂ ಬಾರದು, ಅದನ್ನು ಹೊರಗೆ ನೂಕಲೂ ಬಾರದು, ಅದರ ಸಂಗಡ ಮಾತಾಡಬೇಕು. ಆತನ ಪದ್ಧತಿಯ ಮರ್ಮವಿಷ್ಟು.

ಈ ಯೂಂಗನು ನಮ್ಮ ನಾಡಿಗೂ ಬಂದಿದ್ದನು. 1938ರ ಜನವರಿಯಲ್ಲಿ ಕಲಕತ್ತೆಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ರಜತಮಹೋತ್ಸವ ಜರುಗಿತು. ಅದಕ್ಕಾಗಿ ಆತನು ಹಿಂದಿನ ವರುಷದ ಕೊನೆಯಲ್ಲಿಯೇ ಭಾರತಕ್ಕೆ ಬಂದನು. ಕೆಲವು ದಿನ ಮೈಸೂರಿನಲ್ಲಿ ಅತಿಥಿಯಾಗಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರಿಗೆ ವೇದಾಂತವನ್ನು ಬೋಧಿಸುತ್ತಿದ್ದ ವಿ. ಸುಬ್ರಹ್ಮಣ್ಯ ಅಯ್ಯರ ಸಂಗಡ ಚರ್ಚಿಸಿದುದನ್ನು ತನ್ನ ಆತ್ಮವೃತ್ತದಲ್ಲಿ ನೆನೆದಿರುವನು. ಕಲಕತ್ತೆಯಲ್ಲಿ ಆಮಶಂಕೆಯಿಂದ ಆಸ್ಪತ್ರೆ ಸೇರಿ ಹೊರಬಂದ ತರುವಾಯ ಆತನಿಗೆ ಒಂದು ಕನಸು ಬಿದ್ದಿತು. ಅದರಲ್ಲಿ ಭಾರತದ ಯಾವ ದೇವಿಯೂ ಇರಲಿಲ್ಲ! ಕ್ರೈಸ್ತಕಥೆಗಳಲ್ಲಿ ಬರುವ ಪವಿತ್ರಪಾತ್ರೆಯೊಂದನ್ನು ತರಲು ತಾನೊಬ್ಬನೇ ನೀರನ್ನು ಈಸಿ ದಾಟಬೇಕಾಗಿದ್ದಿತು. ಪಾತ್ರೆಯು ಸ್ತ್ರೀಪ್ರತೀಕಗಳಲ್ಲಿ ಬಹು ಹಳೆಯದು. ನಮ್ಮ ಕಳಶ, ಕುಂಭ, ಪೂರ್ಣಘಟಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರರ ನಾಡಿನ ಪ್ರತೀಕಗಳನ್ನು ನೋಡಿ ಮರುಳಾಗದೆ ನಿನ್ನದನ್ನು ನೀನು ಹುಡುಕೆಂದು ಕನಸು ತನಗೆ ಹೇಳಿತೆಂದು ಆತನು ತಿಳಿದನು. ಅದನ್ನೇ ನಾವೂ ಮಾಡತಕ್ಕದ್ದು. ಆತನಿಂದ ಕಣ್ಣಿನ ಕನ್ನಡಕವನ್ನಷ್ಟೇ ಕಡ ತಂದು, ನಮ್ಮ ಗ್ರಂಥಗಳನ್ನು ಓದೋಣ.

ಪ್ರಭುದೇವರ ಪೂರ್ವಕಥೆಯನ್ನು ಇಬ್ಬರು ಕವಿಗಳು ಎರಡು ರೀತಿಯಿಂದ ಹೇಳಿರುವರು. ಹನ್ನೆರಡನೆಯ ಶತಮಾನದ ಕೊನೆಗೋ ಹದಿಮೂರನೆಯದರ ಮೊದಲಿಗೋ ಇದ್ದ ಹರಿಹರನ ರಗಳೆಯಲ್ಲಿ ಅಲ್ಲಮನು ಬಳ್ಳಿಗಾವೆಯಲ್ಲಿ ಮದ್ದಳೆ ಬಾರಿಸುವ ತರುಣ. ಕಮಲತೆಯೆಂಬವಳು ಅವನಿಗೆ ಒಲಿದಳು, ಇಬ್ಬರೂ ಸುಖದಿಂದಿದ್ದರು. ಆಕೆ ಜ್ವರ ಬಂದು ತೀರಿಹೋದಳು. ಅಲ್ಲಮನು ಆಕೆಯ ಹೆಸರನ್ನು ಹಲುಬುತ್ತ ಮರುಳನಂತೆ ತಿರುಗಿದನು. ಒಂದು ತೋಟದಲ್ಲಿ ಕುಳಿತು, ತಾನೇನು ಮಾಡುತ್ತಿರುವೆನೆಂಬ ಅರಿವಿಲ್ಲದೆ ಕಾಲಿನ ಉಗುರಿನಿಂದ ನೆಲವನ್ನು ಕೆದರುತ್ತಿರಲು ಚಿನ್ನದ ಕಳಸವೊಂದರ ತುದಿ ಕಂಡಿತು. ಅಗೆಯಿಸಲಾಗಿ ಹೂತುಹೋಗಿದ್ದ ಗುಡಿ. ಬಾಗಿಲು ತೆರೆಯಲಾಗಿ ಒಳಗೆ, ಕೈಯಲ್ಲಿಯ ಲಿಂಗದಲ್ಲಿ ಎವೆಯಿಕ್ಕದೆ ದೃಷ್ಟಿನೆಟ್ಟು ಕುಳಿತ ಅನಿಮಿಷಯ್ಯ. ಆ ಲಿಂಗವು ಅಲ್ಲಮನ ಕೈಗೆ ಬಂದಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿರುವದು. ಹರಿಹರನು ಆ ಕಳಸದ ತುದಿಯನ್ನು ಮುಕ್ತಿಯೆಂಬ ಹೆಣ್ಣಿನ ಮೊಲೆತುದಿಗೆ ಹೋಲಿಸುವನು. ಕಮಲತೆ ಸತ್ತಳು, ಆದರೆ ಹೆಣ್ಣಿನ ರೂಪವು ಕಥೆಯಿಂದ ಹೋಗಲಿಲ್ಲ, ಹೊರಗಿನದು ನೆಲದೊಳಗಣ ಕಳಸವಾಗಿ ಕಂಡಿತು. ಪ್ರೀತಿಯನ್ನು ಕಳೆದುಕೊಂಡವನು ದುಃಖದ ಬೆನ್ನುಹತ್ತಿ ಕೆಳಗಿಳಿದನು, ಅಲ್ಲಿ ಗುರುವನ್ನು ಕಂಡನು. ಅಂತಃಸ್ತ್ರೀಯು ಪುರುಷನನ್ನು ಆತ್ಮದ ಬಾಗಿಲಿಗೆ ಕರೆದೊಯ್ಯುವ ದಾರಿಗಾತಿಯೆಂದು ಯೂಂಗನು ಹೇಳಿದುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನವನ್ನು ನಾನು ಬೇರೆಲ್ಲಿಯೂ ಓದಿಲ್ಲ. ಅಷ್ಟಾದರೂ ಹರಿಹರನು ಕಮಲತೆಯ ಮೇಲೆ ಒಂದೂ ತಪ್ಪನ್ನು ಹೊರಿಸುವದಿಲ್ಲ. ಅವಳು ಒಲಿದಳು, ಜ್ವರದಿಂದ ಸತ್ತಳು, ಅಷ್ಟೆ.

ಸುಮಾರು ಎರಡು ಶತಮಾನಗಳು ಕಳೆದು, ಪ್ರೌಢದೇವರಾಯನ ಕಾಲದಲ್ಲಿ ಚಾಮರಸನು 25 ಗತಿಗಳ ಪ್ರಭುಲಿಂಗಲೀಲೆಯನ್ನು ಬರೆದಾಗ ಕಮಲತೆಯು ಮರೆಯಾದಳು. ಆ ಸ್ಥಾನದಲ್ಲಿ ಪಾರ್ವತಿಯ ತಾಮಸಕಳೆಯು ಬನವಸೆಯ ಮಮಕಾರನೆಂಬ ರಾಜನಿಗೂ ಮೋಹಿನಿಗೂ ಮಾಯೆಯೆಂಬ ಮಗಳಾಗಿ ಹುಟ್ಟಿದಳು. ಪ್ರಭುವು ಗುಡಿಯಲ್ಲಿ ಮದ್ದಳೆ ಬಾರಿಸಿದರೆ ಅವಳು ಕುಣಿದಳು, ಹಿಡಿಯಹೋದಳು, ಕೈಗೆ ಸಿಕ್ಕಲಿಲ್ಲ. ತರುವಾಯ ಅದೇ ಪಾರ್ವತಿಯ ಸಾತ್ವಿಕಕಳೆಯು ಉಡುತಡಿಯಲ್ಲಿ ಮಹಾದೇವಿಯಾಗಿ ಅವತರಿಸಿತು. ಕಾವ್ಯದ ಕಟ್ಟಡವು ಬಹು ಸೊಗಸಾಗಿರುವದು, ಶಾಸ್ತ್ರಾರ್ಥವೂ ಸರಿಯಾಗಿರುವದು. ಅಂತಃಸ್ತ್ರೀಗೆ ಯೂಂಗನು ಹೇಳಿದ ನಾಲ್ಕು ಮೆಟ್ಟಿಲುಗಳನ್ನು ಬಲ್ಲವರು ಇದನ್ನು ಮೆಚ್ಚದೆ ಇರಲಾರರು. ಆತನು ಆದಿಮಾತೆಯಾದ ಹವ್ವೆಯಿಂದ ಸುಂದರಿ ಹೆಲೆನ್, ಮಾತೆ ಮೇರಿ, ಜ್ಞಾನರೂಪಿಣಿ ಸೋಫಿಯಾ ಎಂದು ಏರಿಸುವನು. ಚಾಮರಸನು ಒಬ್ಬಳೇ ದೇವಿಯ ಎರಡು ಕಳೆಗಳಲ್ಲಿ ಆ ಕೆಳಗಣ ಮೆಟ್ಟಿಲನ್ನೂ ಮೇಲಣ ಮೆಟ್ಟಿಲನ್ನೂ ತೋರಿಸಿಬಿಟ್ಟನು.

ಆದಾಗ್ಯೂ ಒಂದು ಮಾತನ್ನು ಹೇಳದೆ ಗತ್ಯಂತರವಿಲ್ಲ. ಕಮಲತೆಯು ಮಾಯೆಯಾದಾಗ ಒಬ್ಬ ಹೆಂಗಸು ಹೋಗಿ ಒಂದು ತತ್ತ್ವ ಉಳಿಯಿತು. ತತ್ತ್ವಕ್ಕೆ ಜ್ವರ ಬರುವದಿಲ್ಲ. ತತ್ತ್ವವು ಸತ್ತರೆ ಯಾರೂ ಅಳಬೇಕಾಗಿಲ್ಲ. ಚಾಮರಸನು ತತ್ತ್ವವನ್ನು ಹೇಳಲು ಹೆಣ್ಣನ್ನು ಪ್ರತೀಕ ಮಾಡಿದನು. ಕೇಳುವ ನಾವು ಆ ಪ್ರತೀಕವನ್ನು ತಿರುಗಿಸಿ ಮನೆಯ ಹೆಣ್ಣಿನ ಮೇಲೆ ಹಾಕಿದೆವು. ಕವಿಯ ದೋಷವಲ್ಲವಿದು, ಶ್ರೋತೃಗಳ ಅಧ್ಯಾರೋಪ. ಸ್ವತಃ ಪ್ರಭುದೇವರ ವಚನಗಳಲ್ಲಿ ಸಿದ್ಧಾಂತವು ಖಂಡಿತವಾಗಿರುವದು. ಹೊನ್ನಾಗಲಿ, ಹೆಣ್ಣಾಗಲಿ, ಮಣ್ಣಾಗಲಿ ಮಾಯೆಯಲ್ಲ. ನೋಡುವವನ ಮನಸ್ಸಿನ ಮುಂದೆ ನಿಂತ ಆಸೆಗೆ ಆ ಹೆಸರು ಸಲ್ಲುವದು. ಯೂಂಗನು ಅರ್ಧ ಆಯುಷ್ಯ ದುಡಿದು ಮುಟ್ಟಿದ ಸ್ಥಳವನ್ನು ಪ್ರಭುದೇವರು ಕೆಲವೇ ಮಾತುಗಳಲ್ಲಿ ಹೇಳಿಹೋಗಿರುವರು. ಮುದನೂರಿನ ಜೇಡರ ದಾಸಿಮಯ್ಯಗಳು ಇನ್ನೂ ಮುಂದಕ್ಕೆ ಹೋಗಿ, ಮೈಯ ಕುರುಹನ್ನು ನೋಡಿ ಹೆಣ್ಣು ಗಂಡೆಂದು ಕರೆಯುವದು ಲೋಕದ ರೂಢಿಯಾದರೂ ನಡುವೆ ಸುಳಿಯುವ ಆತ್ಮಕ್ಕೆ ಆ ಭೇದವಿಲ್ಲವೆಂದು ನಿರ್ಣಯಿಸಿರುವರು.

ಹಾಗಾದರೆ ಶರಣರು ಪ್ರತೀಕವನ್ನೇ ಬಿಟ್ಟರೋ ಎಂದರೆ, ಇಲ್ಲ. ಅದನ್ನು ಬೇರೊಂದು ಕಡೆಗೆ ತಿರುಗಿಸಿದರು. ‘ಶರಣಸತಿ ಲಿಂಗಪತಿ’ ಎಂಬ ಭಾವದಲ್ಲಿ ಪುರುಷನೇ ಸತಿಯಾಗಿ ನಿಲ್ಲುವನು. ಉರಿಲಿಂಗದೇವರು, ಗಜೇಶ ಮಸಣಯ್ಯಗಳು ಗಂಡಸರಾಗಿದ್ದೂ ವಿರಹಿಣಿಯ ಮಾತಿನಲ್ಲಿಯೇ ವಚನಗಳನ್ನು ನುಡಿದರು. ಯೂಂಗನ ರೋಗಿಯು ತನ್ನೊಳಗಿನ ಸ್ತ್ರೀಯನ್ನು ಎದುರಿಗೆ ಕೂಡಿಸಿಕೊಂಡು ಮಾತಾಡುವನು. ಶರಣನು ಸ್ವತಃ ಆ ಸ್ಥಾನದಲ್ಲಿ ಕುಳಿತು ಲಿಂಗದೊಡನೆ ಮಾತಾಡುವನು. ಈ ಅಂತರವು ಸಣ್ಣದಲ್ಲ. ತಾನೇ ಸತಿಯಾದವನಿಗೆ ಹೊರಗೆ ಹೊದಿಸಲು ಹೊದಿಕೆಯೇ ಉಳಿಯದು.

ಇದಕ್ಕೆ ಶಾಸ್ತ್ರಾಧಾರವನ್ನು ಬಯಸುವವರು ಮಗ್ಗೆಯ ಮಾಯಿದೇವರ ಅನುಭವಸೂತ್ರವನ್ನು ನೋಡತಕ್ಕದ್ದು. ಹದಿನೈದನೆಯ ಶತಮಾನದ ಈ ಸಂಸ್ಕೃತಗ್ರಂಥದ ಪ್ರಕಾರ, ಒಂದೇ ಸ್ಥಲವು ಲಿಂಗಸ್ಥಲ, ಅಂಗಸ್ಥಲಗಳೆಂದು ಎರಡಾಗುವಾಗ ಅದರ ಶಕ್ತಿಯೂ ಎರಡಾಗುವದು. ಲಿಂಗವನ್ನು ಆಶ್ರಯಿಸಿದ್ದು ಕಲೆ ಅಥವಾ ಶಕ್ತಿ. ಅಂಗವನ್ನು ಆಶ್ರಯಿಸಿದ್ದು ಭಕ್ತಿ. ಶಕ್ತಿಯು ಪ್ರವೃತ್ತಿಯ ಕಡೆಗೆ, ಭಕ್ತಿಯು ನಿವೃತ್ತಿಯ ಕಡೆಗೆ ಹೋಗುವದರಿಂದ ಭಕ್ತಿಯೇ ಮಿಗಿಲು. ವಿಚಾರಿಸಿ ನೋಡಿರಿ: ಗಂಡಿರಲಿ ಹೆಣ್ಣಿರಲಿ, ಅಂಗವುಳ್ಳ ಪ್ರತಿಯೊಬ್ಬರಲ್ಲಿಯೂ ಇರುವ ಭಕ್ತಿಯು ಶಿವನ ಶಕ್ತಿಯ ಅರ್ಧವೇ ಆಗಿರುವದು. ಷಟ್‌ಸ್ಥಲಗಳಿಗೂ ಕ್ರಿಯಾಶಕ್ತಿ, ಜ್ಞಾನಶಕ್ತಿ ಮೊದಲ್ಗೊಂಡು ಚಿಚ್ಛಕ್ತಿಯ ವರೆಗೆ ಒಂದೊಂದು ಶಕ್ತಿಯನ್ನು ಹೇಳಿರುವದು ಇದೇ ಕಾರಣದಿಂದ. ಹೆಣ್ಣನ್ನು ಮಾಯೆಯೆಂದು ಬಯ್ಯುವ ಲಿಂಗವಂತನು ತನ್ನ ಭಕ್ತಿಯ ಬೇರನ್ನೇ ಬಯ್ಯುತ್ತಿರುವನು.

ಇಷ್ಟೂ ಪುರುಷರ ಮಾತಾಯಿತು. ಸ್ತ್ರೀಯರ ಮಾತೇನು? ಯೂಂಗನ ಮತವು ಬಲಹೀನವಾಗುವದು ಇಲ್ಲಿಯೇ. ಅನಿಮಾದ ವಿಷಯದಲ್ಲಿ ಆತನು ತೋರಿದ ಸೂಕ್ಷ್ಮತೆಯು ಅನಿಮಸಿನ ವಿಷಯದಲ್ಲಿಲ್ಲ. ಹೆಂಗಸು ವಾದಮಾಡಿದರೆ ಅದು ಒಳಗಿನ ಪುರುಷನ ಹಟವೆಂಬಂತೆ ಅನೇಕ ಕಡೆ ಬರೆದಿರುವನು. ಆತನ ಪರಂಪರೆಯವರೇ ಇದನ್ನು ಪ್ರಶ್ನಿಸಿದರು. ಜೇಮ್ಸ್ ಹಿಲ್‌ಮನ್ ಎಂಬ ಪಂಡಿತನು 1985ರ ತನ್ನ ಗ್ರಂಥದಲ್ಲಿ ಅನಿಮಾವು ಗಂಡಸರ ಸೊತ್ತಲ್ಲ, ಸ್ತ್ರೀಯರಿಗೂ ಅದು ಸಲ್ಲತಕ್ಕದ್ದೆಂದು ವಾದಿಸಿದನು.

ನಮಗಂತೂ ಅಕ್ಕಮಹಾದೇವಿಯವರ ಸಾಕ್ಷ್ಯವೇ ಇರುವದು. ಅವರು ತಮ್ಮ ಕನಸನ್ನು ಗೆಳತಿಗೆ ಹೇಳುವ ಪ್ರಸಿದ್ಧ ವಚನವನ್ನು ವಾಚಕರು ಬಲ್ಲರು. ಅದರಲ್ಲಿ ಮೊದಲು ಬರುವವು ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ. ಅಂದರೆ ಅಡಿಗೆಮನೆಯ, ಮದುವೆಮನೆಯ ಸಾಮಾನುಗಳು. ಆ ಮೇಲೆ ಜಡೆಯುಳ್ಳ ಒಬ್ಬ ಭಿಕ್ಷುಕನು ಮನೆಗೆ ಬರುವನು, ಅಕ್ಕನು ಅವನ ಬೆನ್ನಟ್ಟಿ ಕೈ ಹಿಡಿಯುವಳು, ಆತನೇ ಚೆನ್ನಮಲ್ಲಿಕಾರ್ಜುನ. ಯೂಂಗನು ಕನಸನ್ನು ಎಚ್ಚರದ ಬಾಳಿನ ಕೊರತೆಯನ್ನು ತುಂಬುವ ಸರಿದೂಗಿಕೆಯೆಂದು ಕರೆದನು. ಆ ಕಣ್ಣಿನಿಂದ ನೋಡಿದರೆ ಎಷ್ಟು ಅರ್ಥವತ್ತಾಗಿರುವದು! ಹಗಲಿನಲ್ಲಿ ಅಕ್ಕನ ಬಾಗಿಲಿಗೆ ಬಂದವನು ಕೌಶಿಕ, ಕೊಂಡೊಯ್ಯಬಂದ ರಾಜ. ಕನಸಿನಲ್ಲಿ ಬಂದವನು ಕೈಯೊಡ್ಡಿ ಬೇಡಬಂದ ಜಂಗಮ. ರಾಜನು ಅವಳನ್ನು ನೋಡಿದನು. ಭಿಕ್ಷುಕನನ್ನು ಅವಳು ನೋಡಿದಳು. ಆರಿಸಿಕೊಂಡವಳು ತಾನೇ, ಎದ್ದು ಓಡಿ ಕೈಹಿಡಿದವಳು ತಾನೇ. ಈ ಕನಸಿನಲ್ಲಿ ಸ್ತ್ರೀಯು ಯಾರ ಪ್ರತೀಕವೂ ಅಲ್ಲ, ಕನಸಿನ ಕರ್ತೃವಾಗಿರುವಳು.

ಶೂನ್ಯಸಂಪಾದನೆಯಲ್ಲಿ ಪ್ರಭುದೇವರು ಅಕ್ಕನನ್ನು ಪರೀಕ್ಷಿಸುವ ಭಾಗವು ಇದಕ್ಕೆ ಪೂರಕ. ಎಲ್ಲವನ್ನೂ ತೊರೆದವಳು ಕೂದಲಿನಿಂದ ಮೈಯನ್ನು ಮರೆಮಾಡಿದ್ದೇಕೆಂದು ಪ್ರಶ್ನೆ. ಅದು ತನಗಾಗಿ ಅಲ್ಲ, ನೋಡುವವರ ಚಿತ್ತವು ಕದಡೀತೆಂಬ ಕನಿಕರದಿಂದ ಎಂಬುದು ಉತ್ತರದ ಸಾರ. ಕೇಡು ಎಲ್ಲಿರುವದೆಂದು ಅವರಿಗೆ ಗೊತ್ತಿದ್ದಿತು. ನಮ್ಮ ಪಂಚಾಂಗಗಳ ಚಿತ್ರಕಾರರು ಆ ಕೂದಲನ್ನು ಭಕ್ತಿಯಿಂದಲೇ ಬರೆಯುವರು. ಆದರೆ ಕೆಲವು ಚಿತ್ರಗಳಲ್ಲಿ ಕೂದಲಿಗಿಂತ ಅದು ಮುಚ್ಚದೆ ಬಿಟ್ಟದ್ದರ ಮೇಲೆಯೇ ಕುಂಚವು ಹೆಚ್ಚು ಹೊತ್ತು ನಿಂತಿರುವದು. ಅಂಥ ಚಿತ್ರವನ್ನು ಪೂಜಾಗೃಹದಲ್ಲಿ ತೂಗಹಾಕುವ ಮೊದಲು ಮನೆಯ ತಾಯಂದಿರನ್ನು ಕೇಳುವದು ಒಳಿತು.

ಕೂದಲಿನ ಮಾತು ಬಂದುದರಿಂದ ನಮ್ಮ ಜಿಲ್ಲೆಯ ಒಂದು ದುಃಖವನ್ನು ಮುಚ್ಚಿಡಲಾಗದು. ಪ್ರತೀಕವು ನಿರಪಾಯವಾಗಿರುವದೂ ಉಂಟು. ಆಷಾಢದ ಮಂಗಳವಾರಗಳಲ್ಲಿ ನಮ್ಮ ಹುಡುಗಿಯರು ಮಣ್ಣಿನಿಂದ ಗುಳ್ಳವ್ವನನ್ನು ಮಾಡಿ, ಗುಲಗಂಜಿಯ ಅಲಂಕಾರವಿಟ್ಟು, ಹಾಡಿ ಆಡಿ ಬೀಳ್ಕೊಡುವರು. ಮಾಡಿದವರೂ ಅವರೇ, ಕಳಿಸುವವರೂ ಅವರೇ. ಏಕದೇವೋಪಾಸಕನು ಇದನ್ನು ಮಕ್ಕಳ ಆಟವೆಂದು ತಿಳಿದು ಸುಮ್ಮನಿರಬಹುದು. ಆದರೆ ಸವದತ್ತಿಯ ಗುಡ್ಡದ ಹೆಸರಿನಲ್ಲಿ ನಡೆದದ್ದು ಆಟವಲ್ಲ. ಹೆಣ್ಣುಮಗುವಿನ ಕೂದಲು ಗಂಟುಗಟ್ಟಿ ಜಡೆಯಾದರೆ, ಬಿಡದ ರೋಗ ಬಂದರೆ, ಯಾರದೋ ಮೈಮೇಲೆ ದೇವಿ ಬಂದು ನುಡಿದರೆ, ಅದನ್ನು ಎಲ್ಲಮ್ಮನ ಕರೆಯೆಂದು ತಿಳಿದು ಆ ಮಗುವಿಗೆ ಮುತ್ತು ಕಟ್ಟಿದರು. ಬೊಂಬಾಯಿ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ಇದನ್ನು ನಿಷೇಧಿಸುವ ಕಾಯಿದೆಗಳಾದವು. ಒಂದು ಕಾಯಿದೆಯ ಮೇಲೆ ಅರ್ಧ ಶತಮಾನದಲ್ಲಿ ಮತ್ತೊಂದು ಬೇಕಾಯಿತೆಂಬುದೇ ರೂಢಿಯ ಬಲವನ್ನು ತೋರಿಸುವದು. ಬಲಿಯಾದವರು ಬಹುಮಟ್ಟಿಗೆ ಬಡ ದಲಿತರ ಮನೆಯ ಹೆಣ್ಣುಮಕ್ಕಳು. ನಮ್ಮ ಮನೆಯವರಲ್ಲವೆಂದು ನಾವು ಜಾತ್ರೆಯ ದಾರಿಯಲ್ಲಿ ನಿಂತು ನೋಡಿದೆವು. ಕಾಯಕ ದಾಸೋಹಗಳ ಮಾತಾಡುವ ಸಮಾಜಕ್ಕೆ ಇದು ಭೂಷಣವಲ್ಲ. ಒಳಗಿನ ಪ್ರತೀಕವನ್ನು ಹೊರಗಿನ ಜೀವದ ಮೇಲೆ ಹೊದಿಸುವದೆಂದರೆ ಕೊನೆಗೆ ಇದೇ ಆಗುವದು.

ಕನಸಿನ ಫಲವನ್ನು ಕೇಳಬರುವ ಗೃಹಸ್ಥರಿಗೆ ನಮ್ಮ ಉತ್ತರವು ಈ ವಿಚಾರದಿಂದಲೇ ಹೊರಡುವದು. ಕನಸು ಕಂಡವರು ಯಾರು? ಅವರೇ ಅದರ ಒಡೆಯರು. ಬಾವಿಯ ಕಟ್ಟೆಯ ಮೇಲಣ ಸ್ತ್ರೀಯು ತಮಗೆ ಯಾರನ್ನು ನೆನಪಿಗೆ ತಂದಳು, ಹಿಂದಿನ ದಿವಸಗಳಲ್ಲಿ ಮನಸ್ಸು ಯಾವದನ್ನು ನುಂಗಿಕೊಂಡಿದ್ದಿತು, ತೀರಿದ ತಾಯಿಗೆ ಹೇಳದೆ ಉಳಿದ ಮಾತೊಂದಿರುವದೋ, ಇದನ್ನು ಪೂಜೆಯ ಹೊತ್ತಿಗೆ ಲಿಂಗದ ಮುಂದೆ ಕುಳಿತು ಶಾಂತಚಿತ್ತದಿಂದ ನೋಡಿಕೊಳ್ಳಬೇಕು. ಆಕೆಯ ಸಂಗಡ ಮಾತಾಡಬಹುದು. ಆಕೆಯ ಹೆಸರಿನಲ್ಲಿ ಬೇರೊಬ್ಬರಿಗೆ ಅಪ್ಪಣೆ ಕೊಡಲಾಗದು. ತಂದೆಯು ಕಂಡ 1 ಕನಸಿನಿಂದ ಮಗಳ ಶಾಲೆ ಬಿಡಿಸುವದು, ಅತ್ತೆಯು ಕಂಡ ಕನಸಿನಿಂದ ಸೊಸೆಯನ್ನು ತವರಿಗೆ ಅಟ್ಟುವದು, ಇವು ಶರಣಧರ್ಮಕ್ಕೆ ಹೊರಗು. ಗಂಟುಗಟ್ಟಿದ ಕೂದಲಿಗೆ ಎಣ್ಣೆ, ಬಾಚಣಿಗೆ, ಅದರಿಂದಾಗದಿದ್ದರೆ ಕತ್ತರಿ. ಬಿಡದ ಜ್ವರಕ್ಕೆ ಗೋಕಾಕದಲ್ಲಿಯೂ ಹುಕ್ಕೇರಿಯಲ್ಲಿಯೂ ಸರಕಾರದ ದವಾಖಾನೆಗಳಿರುವವು.

ಉರಿಲಿಂಗದೇವರ ಮತ್ತು ಗಜೇಶ ಮಸಣಯ್ಯಗಳ ಸತಿಪತಿಭಾವವನ್ನು ಇಲ್ಲಿ ಹೆಸರಿಸಿ ಬಿಟ್ಟಿರುವೆವು. ಅವರಿಬ್ಬರ ವಚನಗಳನ್ನು ಬಿಡಿಬಿಡಿಯಾಗಿ ತೆಗೆದುಕೊಂಡು ಓದುವದು ಮುಂದಿನ ಪಾಠಕ್ಕೆ.